ಮನಿ ಆರೋಗ್ಯ ಕೇಂದ್ರ

ಡಾಕ್ಟರ್ ಕಸ್ತೂರಿಯ ಹುದ್ದೆಯ ಹೆಸರು ಎಷ್ಟು ಉದ್ದವೆಂದರೆ, ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಓದಲು ಶುರು ಮಾಡಿದವನು ಭೀಮಾ ನದಿಯ ಸೇತುವೆ ದಾಟಿದ ಮೇಲೆಯೇ ಉಸಿರು ಬಿಡಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಶಹಾಪುರ ಹಾಗೂ ಸುರಪುರ ತಾಲೂಕುಗಳ ಅನುಷ್ಠಾನ, ಮೇಲ್ವಿಚಾರಣೆ ಮತ್ತು ಜನಜಾಗೃತಿಯ ಮುಖ್ಯ ವೈದ್ಯಾಧಿಕಾರಿ. ಇಷ್ಟೆಲ್ಲಾ ಆಗಿದ್ದವಳಿಗೆ ಸರಕಾರ ಕೊಟ್ಟ ಕೋಣೆ ಮಾತ್ರ ಆ ಹೆಸರಿಗಿಂತ ಗಿಡ್ಡ. ಹೆಸರನ್ನು ಒಂದೇ ಸಾಲಿನಲ್ಲಿ ಗೋಡೆಯ ಮೇಲೆ ಬರೆಸಿದ್ದರೆ ಕೊನೆಯ ಎರಡು ಪದ ಕಿಟಕಿಯಿಂದ ಹೊರಗೆ ಜೋತುಬೀಳುತ್ತಿದ್ದವು.

ಕೋಣೆ ಇದ್ದದ್ದು ಶಹಾಪುರದ ಒಂದು ಸರಕಾರಿ ದವಾಖಾನೆಯಲ್ಲಿ, ಮೊಗಸಾಲೆಯ ಕಟ್ಟಕಡೆಗೆ. ಅದಕ್ಕೆ ಎರಡು ಬಾಗಿಲು. ಒಂದು ಮೊಗಸಾಲೆಗೆ ತೆರೆಯುತ್ತಿತ್ತು. ಇನ್ನೊಂದು ಹಿತ್ತಿಲ ಬೇವಿನಮರದ ಕಡೆಗೆ. ಹಿಂದಿನ ಬಾಗಿಲು ಯಾವ ಕಾಲದಲ್ಲಿ ಮುಚ್ಚಿದ್ದೋ, ಅದರ ಚಿಲಕದ ತುಕ್ಕಿನಲ್ಲಿ ಇರುವೆಗಳ ಏಳು ತಲೆಮಾರು ಬಾಳಿಹೋಗಿದ್ದವು. ಆ ಚಿಲಕಕ್ಕೆ ದವಾಖಾನೆಯ ಜವಾನ ಪಂಪಣ್ಣ ತನ್ನ ರೊಟ್ಟಿಯ ಚೀಲ ನೇತುಹಾಕುತ್ತಿದ್ದ. ಪಂಪಣ್ಣನ ಪ್ರಕಾರ ಆ ಬಾಗಿಲಿನ ಉಪಯೋಗ ಅಷ್ಟೇ.

ಪ್ರತಿ ಮಂಗಳವಾರ ಕಸ್ತೂರಿ ಯಾದಗಿರಿಯಿಂದ ಬಂದು ಆ ಕೋಣೆಯಲ್ಲಿ ಕೂಡುತ್ತಿದ್ದಳು. ಐದು ತಿಂಗಳಲ್ಲಿ ಒಳಗೆ ಕಾಲಿಟ್ಟ ಮನುಷ್ಯ ಒಬ್ಬನೇ. ಅವನನ್ನು ಕಂಡು ಕಸ್ತೂರಿ ಎದ್ದುನಿಂತು, ಕುರ್ಚಿ ಸರಿಸಿ, ಫ್ಯಾನು ಹಚ್ಚಿ, "ಹೇಳ್ರಿ, ಏನ್ ತಕ್ಲೀಫ್ ಅದ?" ಅಂದಳು. ಅವನು ಸುತ್ತ ನೋಡಿ, "ಮೂತ್ರಿಖಾನಿ ಎಲ್ಲದ್ರಿ?" ಅಂದ.

ಕಾಯಿಲೆಯವರು ಇರಲಿಲ್ಲವೆಂದಲ್ಲ. ಶಹಾಪುರದ ಬೆಟ್ಟವೇನೋ ಬುದ್ಧನ ಹಾಗೆ ಅಂಗಾತ ಮಲಗಿ ಯುಗಗಳಿಂದ ನಿದ್ದೆ ಹೊಡೆಯುತ್ತಿದೆ. ಊರಿನವರ ಪಾಲಿನ ನಿದ್ದೆಯನ್ನೂ ಅದೇ ಬಾಚಿಕೊಂಡಿತ್ತೇನೋ, ಅದರ ಕೆಳಗಿನ ಅರ್ಧ ಊರು ರೆಪ್ಪೆ ಬಡಿಯದೆ ಬೆಳಗು ಮಾಡುತ್ತಿತ್ತು. ಎದೆ ಡವಡವ ಎನ್ನುವವರು, ಸುಮ್ಮನೆ ಕೂತಲ್ಲೇ ಕಣ್ಣೀರು ಬರುವವರು, ಸಂಜೆಯಾದರೆ ಬಾಟಲಿಯ ಮೂತಿ ನೋಡದೆ ಕೈ ನಡುಗುವವರು ಬೇಕಾದಷ್ಟಿದ್ದರು. ಆದರೆ ಬಾಗಿಲ ಮೇಲೆ ಬೋರ್ಡಿತ್ತಲ್ಲ: "ಮಾನಸಿಕ ರೋಗ ವಿಭಾಗ". ಕರಡಿಯ ಕಿವಿ ಹಿಡಿದು ಎಳೆದು ತರುವಂಥ ಗಂಡಸರೂ ಆ ಬೋರ್ಡಿನ ಮುಂದೆ ಬಂದಾಗ ಗೋಡೆಗೆ ಮುಖ ಮಾಡಿ, ಏಡಿಯ ಹಾಗೆ ಅಡ್ಡಡ್ಡ ನಡೆದು ಹೋಗುತ್ತಿದ್ದರು. ಒಬ್ಬ ಹುಡುಗ ಚಪ್ಪಲಿಯ ಪಟ್ಟಿ ಬಿಗಿದುಕೊಳ್ಳಲು ಅದರ ಕೆಳಗೆ ಎರಡು ನಿಮಿಷ ಕೂತನಂತೆ. ಅವನು ಬಸ್ಸು ಹತ್ತಿ ಊರು ಮುಟ್ಟುವಷ್ಟರಲ್ಲಿ ನಿಶ್ಚಯವಾಗಿದ್ದ ಹೆಣ್ಣನ್ನು ಬೇರೆ ಕಡೆ ಕೊಟ್ಟು, ಲಗ್ನ ಮಾಡಿ, ಊಟದ ಎಲೆ ಎತ್ತಿಯೂ ಆಗಿತ್ತು.

ಇದರ ನಡುವೆ ಮೊಗಸಾಲೆಗೆ ಒಂದು ಕುರ್ಚಿ ಬಂದು ನಿಂತಿತು. ಹಲ್ಲಿನ ಡಾಕ್ಟರ್ ಶರಣಕುಮಾರನ ಹೊಸ ಕುರ್ಚಿ. ಮೈತುಂಬ ಪ್ಲಾಸ್ಟಿಕ್ ಹೊದ್ದುಕೊಂಡು, ಮದುವಣಗಿತ್ತಿಯಂತೆ ಕಸ್ತೂರಿಯ ಬಾಗಿಲನ್ನೇ ನೋಡುತ್ತ ಕೂತಿತ್ತು. ಕುರ್ಚಿ ಇತ್ತು, ಕೋಣೆ ಇರಲಿಲ್ಲ. ಕಸ್ತೂರಿಗೆ ಕೋಣೆ ಇತ್ತು, ಜನ ಇರಲಿಲ್ಲ.

"ಡಾಕ್ಟ್ರಮ್ಮರ," ಎಂದು ಶರಣಕುಮಾರ ಒಂದು ದಿನ ಒಳಗೆ ಬಂದು, ಗೋಡೆಯಿಂದ ಗೋಡೆಗೆ ಗೇಣು ಹಾಕುತ್ತ ಹೇಳಿದ. "ಬೆಂಗಳೂರಿಂದ ರಾಧಿಕಾ ಮೇಡಂ ತಪಾಸಣಿಗೆ ಬರಾಕತ್ತಾರ. ಇನ್ನ ಆರು ಮಂಗಳವಾರ ಅದ. ಅಲ್ಲೀತನಾ ಈ ಕೋಣಿ ಹಿಂಗೇ ಭಣಭಣ ಅಂದ್ರ ಕುರ್ಚಿ ಒಳಗ ಬರ್ತದ, ನೀವು ಯಾದಗಿರಿಗೆ ಹೋಗ್ತೀರಿ. ನಂದೇನೂ ಇಲ್ರಿ. ಮೇಲಿನವ್ರ ಹುಕುಂ."

"ಕುರ್ಚಿಗಿ ಕೂಡಾಕ ಜಾಗ ಇಲ್ಲಂತ ಮನಶ್ಯಾರನ್ನ ಎಬ್ಬಸ್ತೀರಿ?" ಅಂದಳು ಕಸ್ತೂರಿ.

"ಮನಶ್ಯಾರು ಎಲ್ಲದಾರ್ರಿ?" ಅಂದ ಶರಣಕುಮಾರ. ಅವನ ಮಾತು ಕೆಟ್ಟದ್ದಾಗಿತ್ತು, ಆದರೆ ಸುಳ್ಳಾಗಿರಲಿಲ್ಲ.

ಕಸ್ತೂರಿಗೆ ಯಾದಗಿರಿಯಲ್ಲಿ ಕೂಡುವುದು ಕಷ್ಟವೇನಲ್ಲ, ಮನೆಯಿಂದ ನಡೆದುಹೋಗುವ ದಾರಿ. ಅವಳನ್ನು ಚುಚ್ಚುತ್ತಿದ್ದವಳು ಅಯ್ಯಮ್ಮ. ಸುರಪುರದ ಆಚೆ ಕಾಲುವೆ ದಂಡೆಯ ಒಂದು ಹಳ್ಳಿಗೆ ಜನಜಾಗೃತಿ ಮಾಡಲು ಹೋದಾಗ ಸಿಕ್ಕವಳು. ಅವಳ ಗಂಡ ಸಾಬಣ್ಣ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದವನು. ಮೂರು ತಿಂಗಳಿಂದ ಮಾತು ಬಿಟ್ಟಿದ್ದ, ನಿದ್ದೆ ಬಿಟ್ಟಿದ್ದ, ಗೋಡೆಗೆ ಮುಖ ಮಾಡಿ ಕೂತುಬಿಟ್ಟಿದ್ದ. ಅಯ್ಯಮ್ಮ ಇದು ಮನೆಯ ದೋಷವೆಂದು ತೀರ್ಮಾನಿಸಿ ಬಾಗಿಲನ್ನು ಪೂರ್ವಕ್ಕೆ ಇಡಿಸಿದಳು. ಆಗಲಿಲ್ಲವೆಂದು ಉತ್ತರಕ್ಕೊಂದು ಇಡಿಸಿದಳು. ಅದೂ ಆಗದಿದ್ದಾಗ ದಕ್ಷಿಣದ ಗೋಡೆಯನ್ನೂ ಒಡೆಸಿದಳು. ಕಸ್ತೂರಿ ಹೋದಾಗ ಆ ಮನೆಯಲ್ಲಿ ಗೋಡೆಗಿಂತ ಬಾಗಿಲೇ ಹೆಚ್ಚಿದ್ದವು. ಗಾಳಿ ಒಂದು ಕಡೆಯಿಂದ ಬಂದು ಎರಡು ಕಡೆ ಹೊರಟು ಹೋಗುತ್ತಿತ್ತು. ಸಾಬಣ್ಣ ಮಾತ್ರ ಉಳಿದ ಒಂದೇ ಗೋಡೆಯನ್ನು ಹುಡುಕಿಕೊಂಡು ಅದಕ್ಕೆ ಮುಖ ಮಾಡಿದ್ದ.

"ಶಹಾಪುರಕ್ಕ ಕರಕೊಂಡು ಬರ್ರಿ, ಗುಳಗಿ ಕೊಡ್ತೀನಿ, ಅರಾಮ ಆಗ್ತಾರ," ಎಂದಿದ್ದಳು ಕಸ್ತೂರಿ.

"ಹುಚ್ಚರ ದವಾಖಾನಿಗ್ಯಾ?" ಎಂದು ಅಯ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. "ನಮ್ಮವರಿಗೆ ಏನೂ ಆಗಿಲ್ರಿ ಯವ್ವಾ. ಆಗಿದ್ದು ಮನಿಗಿ."

ಕೋಣೆ ಶಹಾಪುರದಲ್ಲಿದ್ದಾಗಲೇ ಬಾರದವಳು, ಅದು ಯಾದಗಿರಿಗೆ ಹೋದರೆ ಬಂದಾಳೆಯೇ? ಅಯ್ಯಮ್ಮ ನಾಲ್ಕನೆಯ ಬಾಗಿಲು ಇಡಿಸುತ್ತಾಳೆ, ಮನೆ ಬೀಳುತ್ತದೆ, ಸಾಬಣ್ಣ ಬಯಲಿಗೆ ಮುಖ ಮಾಡಿ ಕೂಡುತ್ತಾನೆ. ಅವತ್ತು ತಿರುಗಿ ಹೋಗುವ ಬಸ್ಸಿನಲ್ಲಿ ಕಸ್ತೂರಿ ಇದನ್ನೇ ಯೋಚಿಸುತ್ತ ಇಳಿಯುವ ಸ್ಟಾಪು ಬಿಟ್ಟು ಮುಂದೆ ಹೋದಳು.

ಮೊದಲು ಆ "ರೋಗ" ಎಂಬ ಪದ ಕಿತ್ತುಹಾಕಬೇಕೆಂದು ಅವಳಿಗೆ ಹೊಳೆದದ್ದೂ ಅದೇ ಬಸ್ಸಿನಲ್ಲಿ. ಅಲ್ಲಿಂದಲೇ ಪೇಂಟರ್ ಅಜರುದ್ದೀನನಿಗೆ ಫೋನು ಹಚ್ಚಿದಳು. ಅಜರುದ್ದೀನನೆಂದರೆ ಭೀಮೆಗೂ ಕೃಷ್ಣೆಗೂ ನಡುವೆ ಸರಿಸಾಟಿಯಿಲ್ಲದ ಪೇಂಟರ್. ಅವನು ಹಣ್ಣಿನಂಗಡಿಯ ಬೋರ್ಡಿಗೆ ಬರೆದ ಬಾಳೆಹಣ್ಣನ್ನು ಮೇಕೆಗಳು ಮೂರು ಸಲ ನೆಕ್ಕಿ ಹೋಗಿದ್ದವು.

"ಅಜರುದ್ದೀನ ಅವರ, ಬರಕೋರಿ. ಮನೋ ಆರೋಗ್ಯ ಕೇಂದ್ರ."

ಬಸ್ಸು ಗುಂಡಿಗೆ ಬಿತ್ತು. "ಏನಂದ್ರಿ ಮೇಡಂ?"

"ಮನೋ! ಮನೋ!"

"ಹಾಂ ಹಾಂ, ತಿಳೀತ್ರಿ. ಐತವಾರ ಮುಗಸ್ತೀನಿ. ನೀವು ಫಿಕರ್ ಮಾಡಬ್ಯಾಡ್ರಿ."

ಮುಂದಿನ ಮಂಗಳವಾರ ಕಸ್ತೂರಿ ಬಸ್ಸಿಳಿದು ಬಂದರೆ ದವಾಖಾನೆಯ ಗೇಟಿನಿಂದ ಹೊರಗೆ ಸಾಲು. ಎಲ್ಲೋ ಪುಕ್ಕಟೆ ಜೋಳ ಹಂಚುತ್ತಿದ್ದಾರೆಂದು ಅವಳು ಪಕ್ಕಕ್ಕೆ ಸರಿದು ನಡೆದಳು. ಸಾಲು ಗೇಟು ದಾಟಿ, ಔಷಧಿಯ ಖಿಡಕಿ ದಾಟಿ, ಹಲ್ಲಿನ ಕುರ್ಚಿಗೆ ಒಂದು ಸುತ್ತು ಹಾಕಿ ಅವಳ ಬಾಗಿಲಿಗೇ ಬಂದು ಮುಟ್ಟಿತ್ತು. ಸಾಲಿನ ಬದಿಗೆ ಮಂಡಕ್ಕಿ ಸೂಸಲಾ, ಮಿರ್ಚಿ ಭಜಿ ಮಾರುವವನೊಬ್ಬ ಆಗಲೇ ಗಾಡಿ ಹಚ್ಚಿಕೊಂಡಿದ್ದ. ಕಸ್ತೂರಿ ತಲೆ ಎತ್ತಿ ಬೋರ್ಡು ನೋಡಿದಳು.

"ಮನಿ ಆರೋಗ್ಯ ಕೇಂದ್ರ. ಪ್ರತಿ ಮಂಗಳವಾರ."

ಕೆಳಗೆ ಒಂದು ಕೆಂಪು ಹೆಂಚಿನ ಮನೆ, ಎರಡು ಗಿಡ, ನಗುವ ಸೂರ್ಯ. ಚಿತ್ರವನ್ನು ಅಜರುದ್ದೀನ ತನ್ನ ಖುಷಿಯಿಂದ ಸೇರಿಸಿದ್ದ.

ಕಸ್ತೂರಿ ಅಲ್ಲಿಯೇ ನಿಂತು ಫೋನು ಮಾಡಿದಳು. ಅವಳ ದನಿಗೆ ಬೇವಿನಮರದ ಮೇಲಿನ ಕಾಗೆಗಳು ಎದ್ದು ಸುರಪುರದ ಕಡೆ ಹಾರಿಹೋದವು.

"ನಾ ಹೇಳಿದ್ದು ಮನೋ! ನೀವು ಬರದಿದ್ದು ಮನಿ!"

"ಮೇಡಂರ, ಇಪ್ಪತ್ತೈದು ವರ್ಷ ಆತು ನಾ ಬರಿಯಾಕತ್ತು," ಎಂದ ಅಜರುದ್ದೀನ ಶಾಂತವಾಗಿ. "ಕಿರಾಣಿ ಬರದೇನಿ, ಬೀಜ-ಗೊಬ್ಬರ ಬರದೇನಿ, ಮದ್ವಿ ಮಂಟಪ ಬರದೇನಿ. ಇವತ್ತಿನತನಾ 'ಮನೋ' ಅಂತ ಒಬ್ರೂ ಬರಸಿಲ್ರಿ. ದೊಡ್ಡ ಓದು ಓದಿದವ್ರು, ನಾಲಿಗಿ ಜಾರಿರಬೇಕಂತ ನಾನೇ ತಿದ್ದೀನಿ. ತಿದ್ದಿದ್ದಕ್ಕ ಬ್ಯಾರೆ ಏನೂ ಕೇಳಂಗಿಲ್ರಿ."

ಒಳಗೆ ಪಂಪಣ್ಣನಿಗೆ ಕೈಕಾಲು ಆಡುತ್ತಿರಲಿಲ್ಲ. ಐದು ತಿಂಗಳು ಕೂತಲ್ಲೇ ಕೂತು ಕುರ್ಚಿಗೆ ತನ್ನ ಮೈಯ ಅಚ್ಚು ಒತ್ತಿದ್ದ ಮನುಷ್ಯ ಈಗ ನಿಂತು ಕಂಗಾಲಾಗಿದ್ದ. ಒಬ್ಬ ಟವಲಿನಲ್ಲಿ ಗೋಡೆಯ ಮಣ್ಣು ಕಟ್ಟಿಕೊಂಡು ಬಂದಿದ್ದ: ಗೋಡೆ ಬಿರಿದಿದೆ, ಗುಳಿಗೆ ಬರೆದು ಕೊಡಬೇಕು. ಇನ್ನೊಬ್ಬ ಡಬ್ಬಿಯಲ್ಲಿ ಹಲ್ಲಿ ಹಿಡಿದು ತಂದಿದ್ದ: ಇದು ಲೊಚಗುಟ್ಟಿದಾಗಿನಿಂದ ಮನೆಗೆ ಏಳಿಗೆ ಇಲ್ಲ. ಕಡೇಚೂರಿನ ಕಾರ್ಖಾನೆಯಿಂದ ಒಬ್ಬ ಪಾಳಿ ತಪ್ಪಿಸಿ, ಇಷ್ಟು ದೂರ ಬಂದು, ಮನೆಯ ಕೀಲಿ ಕೈಯಲ್ಲಿ ಹಿಡಿದು ಮೂಲೆಯಲ್ಲಿ ಕೂತಿದ್ದ.

"ಇದು ಮನಿ ರಿಪೇರಿ ಮಾಡೋ ಜಾಗ ಅಲ್ರಿ, ಎಲ್ಲಾರೂ ಎದ್ದು ಹೋಗ್ರಿ," ಎಂದು ಕಸ್ತೂರಿ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಸಾಲಿನ ಮೊದಲಿಗೆ ನಿಂತಿದ್ದ ಭೀಮಾಬಾಯಿ ಎನ್ನುವ ಹೆಂಗಸು ಮೇಜಿನ ಮೇಲೆ ಎರಡೂ ಕೈ ಊರಿ, ಯಾರಿಗೂ ಕೇಳಿಸದ ಹಾಗೆ ಅಂದಳು: "ನಮ್ಮ ಮನಿ ನಕ್ಕು ಆರು ತಿಂಗಳಾತ್ರಿ."

ಕಸ್ತೂರಿ ಕುರ್ಚಿ ಮುಂದಕ್ಕೆ ಸರಿಸಿದಳು. "ಕುಂದುರ್ರಿ," ಅಂದಳು.

ಮೇಜಿನ ಮೇಲೆ ಸರಕಾರದ ನಮೂನೆ ಇತ್ತು. "ತಮಗೆ ನಿದ್ರಾಭಂಗವಾಗುತ್ತಿದೆಯೇ?" ಎಂದು ಅದರ ಮೊದಲ ಪ್ರಶ್ನೆ. ಕಸ್ತೂರಿ ಅದನ್ನು ಓದಿ, ಬದಿಗಿಟ್ಟು ಕೇಳಿದಳು: "ನಿಮ್ಮ ಮನಿಗಿ ನಿದ್ದಿ ಹತ್ತತದೇನ್ರಿ?"

"ಎಲ್ಲಿ ನಿದ್ದಿರಿ ಯವ್ವಾ! ಎರಡಕ್ಕ ಎದ್ದು ಕುಂದರ್ತದ."

"ಊಟ ಮಾಡ್ತದ?"

"ರೊಟ್ಟಿ ಮುಂದಿಟ್ಕೊಂಡು ಗ್ವಾಡಿ ನೋಡ್ತದ."

"ಕುಡೀತದ?"

"ಕುಡಿಯೋದಾ?" ಎಂದು ಭೀಮಾಬಾಯಿ ಹಣೆ ಚಚ್ಚಿಕೊಂಡಳು. "ಅದು ಮನಿ ಅಲ್ರೀ, ಪೂರಾ ಅಂಗಡಿ!"

ಹೀಗೆ ಹೇಳುತ್ತ ಅವಳಿಗೇ ನಗು ಬಂತು. ನಕ್ಕ ಮೇಲೆ ಅಳು ಬಂತು. ಅತ್ತ ಮೇಲೆ ಎಲ್ಲವನ್ನೂ ಹೇಳಿದಳು. ಈ ಸೀಮೆಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವ ರೂಢಿಯಿಲ್ಲ, ಅವನು "ನಮ್ಮ ಮನಿಯವ್ರು". ಗಂಡನಿಗೂ ಹೆಂಡತಿಯ ಹೆಸರು ನಾಲಿಗೆಗೆ ಬರುವುದಿಲ್ಲ, ಅವಳು "ಮನ್ಯಾಗಿನಾಕಿ". ಒಂಬತ್ತು ವರ್ಷ ದಪ್ಪ ದಪ್ಪ ಪುಸ್ತಕ ಓದಿದ ಕಸ್ತೂರಿಗೆ ಹೊಳೆಯದಿದ್ದದ್ದು ಫೋನಿನಲ್ಲಿ ಕೇಳಿದ್ದನ್ನು ತಾನೇ ತಿದ್ದಿದ ಅಜರುದ್ದೀನನ ಕುಂಚಕ್ಕೆ ಹೊಳೆದಿತ್ತು. ಮನಸ್ಸು ಕೆಟ್ಟಿದೆ ಎಂದರೆ ಮರ್ಯಾದೆ ಹೋಗುತ್ತದೆ. ಮನೆ ಕೆಟ್ಟಿದೆ ಎಂದರೆ ಕೇಳಿದವರೂ "ನಮ್ದೂ ಹಂಗೇ ನೋಡ್ರಿ" ಅನ್ನುತ್ತಾರೆ.

ಅವಳ ಹಿಂದೆ ಬಂದದ್ದು ಹುರಿಮೀಸೆಯ ಒಬ್ಬ ಗೌಡ. ಆ ಮೀಸೆಯ ಎರಡು ತುದಿಗೆ ಎರಡು ಕೊಡ ನೀರು ನೇತುಹಾಕಬಹುದಿತ್ತು. "ನಮ್ಮ ಮನಿಗಿ ಎದಿ ಡವಡವ ಅಂತದ್ರಿ," ಎಂದು ತನ್ನ ಎದೆಯ ಮೇಲೆಯೇ ಅಂಗೈ ಇಟ್ಟುಕೊಂಡ. ಕಸ್ತೂರಿ ಆ ಕೈಯನ್ನು ನೋಡಿಯೂ ನೋಡದವಳಂತೆ, "ಯಾವಾಗಿಂದ ಅಂತದ್ರಿ ಮನಿ?" ಅಂದಳು.

ಮಧ್ಯಾಹ್ನದ ಹೊತ್ತಿಗೆ ಪಂಪಣ್ಣ ಪಳಗಿದ. ಹೊಸ್ತಿಲ ಮೇಲೆ ನಿಂತು ಕೂಗತೊಡಗಿದ: "ಮಣ್ಣಿನ ಮನಿಯವ್ರು ಪಂಚಾಯ್ತಿಗೆ ಹೋಗ್ರಿ! ಮಂದಿ ಮನಿಯವ್ರು ಇಲ್ಲೇ ಕುಂದುರ್ರಿ! ಏ ತಮ್ಮಾ, ಆ ಹಲ್ಲಿ ಹೊರಗ ಬಿಡಪಾ, ಅದ್ರ ಮನಿಯವ್ರು ಹಾದಿ ನೋಡಾಕತ್ತಾರ! ಹಾಂ, ಮುಂದಿನ ಮನಿ ಬರ್ರಿ!"

ಮಣ್ಣಿನವರು ಹೋದರೂ ಸಾಲು ಗಿಡ್ಡವಾಗಲಿಲ್ಲ.

ಎರಡು ವಾರದಲ್ಲಿ ಸುದ್ದಿ ಹಬ್ಬಿತು. ಸುರಪುರದ ಬಸ್ಸಿನ ಕಂಡಕ್ಟರ್ "ಮನಿ ದವಾಖಾನಿ ಯಾರ್ರೀ, ಇಳೀರಿ!" ಎಂದು ಕೂಗುವಷ್ಟಾಯಿತು. ಮೂರನೆಯ ಮಂಗಳವಾರ ಪಂಪಣ್ಣ "ಮುಂದಿನ ಮನಿ" ಎಂದಾಗ ಒಳಗೆ ಬಂದವಳು ಅಯ್ಯಮ್ಮ.

ಕಸ್ತೂರಿಯ ಗುರುತು ಸಿಕ್ಕು ಅಯ್ಯಮ್ಮ ಹೊಸ್ತಿಲಲ್ಲೇ ತಡೆದಳು. "ಅಯ್ಯ, ನೀವಾ? ನೀವು ಹುಚ್ಚರ ಡಾಕ್ಟ್ರಲ್ಲೇನ್ರಿ?"

"ಈಗ ಮನಿ ನೋಡ್ತೀನ್ರಿ," ಅಂದಳು ಕಸ್ತೂರಿ.

"ಹಂಗಾರ ಬೇಸಾತು. ನಮ್ಮ ಮನಿ ತೋರಸ್ಬೇಕಾಗಿತ್ತು."

"ಎಲ್ಲದ ಮನಿ?"

ಅಯ್ಯಮ್ಮ ಪಕ್ಕಕ್ಕೆ ಸರಿದಳು. ಹಿಂದೆ ಸಾಬಣ್ಣ ನಿಂತಿದ್ದ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು. "ಇಲ್ಲೇ ನಿಂತದಲ್ರಿ," ಅಂದಳು.

ಸಾಬಣ್ಣ ಕೂತ. ಕೂತಕೂಡಲೇ ಗೋಡೆ ಹುಡುಕಿದ. ಕಸ್ತೂರಿ ನಿದ್ದೆ ಕೇಳಿದಳು, ಊಟ ಕೇಳಿದಳು, ಊರು ಕೇಳಿದಳು. ಗೋಡೆಯಾದರೂ ಒಂದು ಮಾತಾಡೀತು, ಸಾಬಣ್ಣ ಆಡಲಿಲ್ಲ. ಕೊನೆಗೆ ಅವಳೂ ಕುರ್ಚಿ ತಿರುಗಿಸಿ, ಅವನ ಪಕ್ಕದಲ್ಲಿ ಅದೇ ಗೋಡೆಗೆ ಮುಖ ಮಾಡಿ ಕೂತಳು. ಇಬ್ಬರೂ ಗೋಡೆ ನೋಡಿದರು. ಹೊರಗೆ ಮಿರ್ಚಿಯವನು ಎರಡು ಸುತ್ತು ಮಿರ್ಚಿ ಕರಿದ.

"ಕಾಲುವಿ ಮ್ಯಾಲ ಎಷ್ಟು ಗೇಟ್ ನಿಮ್ಮ ಸುಪರ್ದಿಗಿ?" ಎಂದು ಕಸ್ತೂರಿ ಗೋಡೆಯನ್ನೇ ಕೇಳಿದಳು.

ಮೂರನೆಯ ಸುತ್ತು ಮಿರ್ಚಿ ಎಣ್ಣೆಗೆ ಬಿದ್ದಾಗ ಗೋಡೆಯ ಕಡೆಯಿಂದ ಉತ್ತರ ಬಂತು. "ಹನ್ನೊಂದು."

"ಯಾವುದು ಕೆಟ್ಟದ?"

"ಗೇಟ್ ಬರೋಬ್ಬರಿ ಅದಾವ್ರಿ." ಸಾಬಣ್ಣ ಬೆರಳಿನಿಂದ ಗೋಡೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದ. "ತುದಿಗಿ ನೀರು ಮುಟ್ಟವಲ್ದು. ಎತ್ತಿದ್ರ ಮ್ಯಾಲಿನ ಹೊಲದವ್ರು ಬೈತಾರ, ಇಳಿಸಿದ್ರ ತುದಿಯವ್ರು ಬೈತಾರ. ಒಬ್ಬಾಕಿ ಮುದುಕಿ, ತುದಿ ಹೊಲದಾಕಿ, ಬೈಲಿಲ್ರಿ. ಬಂದು ಸುಮ್ಮ ಗೇಟಿನ ಮುಂದ ಕುಂತಳು. ಬೈದಿದ್ರ ಚಲೋ ಇತ್ತು."

ಬಾಗಿಲಲ್ಲಿ ಅಯ್ಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನಾಲ್ಕು ತಿಂಗಳಲ್ಲಿ ಮೂರು ಬಾಗಿಲು ಇಡಿಸಿಯೂ ಈ ಮಾತು ಹೊರಗೆ ಬಂದಿರಲಿಲ್ಲ.

ಕಸ್ತೂರಿ ಗುಳಿಗೆ ಬರೆದಳು. ಪ್ರತಿ ಮಂಗಳವಾರ ಬರಬೇಕೆಂದಳು. "ಮತ್ತ ಬಾಗಲಾ?" ಎಂದು ಅಯ್ಯಮ್ಮ ಕೇಳಿದಳು. "ಇನ್ನ ಒಡಿಬ್ಯಾಡ್ರಿ. ಇದ್ದ ಮೂರೂ ಬಾಗಲಾ ತಗದಿಡ್ರಿ, ಅವ್ರು ಯಾವುದರ್ಲೇ ಆದ್ರೂ ಹೊರಗ ಬರ್ಲಿ."

ಆರನೆಯ ಮಂಗಳವಾರ ಬಂತು. ರಾಧಿಕಾ ಮೇಡಂ ಬೆಂಗಳೂರಿನಿಂದ ಜೀಪಿನಲ್ಲಿ ಬಂದಿಳಿದರು. ಅವರ ಇಸ್ತ್ರಿ ಮಾಡಿದ ಸೀರೆಯ ನೆರಿಗೆ ಎಷ್ಟು ಹರಿತವಾಗಿತ್ತೆಂದರೆ ಅದನ್ನು ತಾಗಿದರೆ ಬೆರಳು ಕೊಯ್ದೀತು. ಶರಣಕುಮಾರ ಹಾರ ಹಾಕಿ, ಮೊದಲು ತನ್ನ ಕುರ್ಚಿ ತೋರಿಸಿ, ಆಮೇಲೆ ಕಸ್ತೂರಿಯ ಬಾಗಿಲಿಗೆ ಕರೆತಂದ. ಸಾಲು ನೋಡಿ ಅವನಿಗೂ ಆಸೆ ಕುಗ್ಗಿತ್ತು. ಆದರೆ ಮೇಡಂ ಸಾಲು ನೋಡಲಿಲ್ಲ, ಬೋರ್ಡು ನೋಡಿದರು.

"ಏನ್ರೀ ಇದು? ಮನಿ? ಇಲ್ಲಿ ದುಡ್ಡಿನ ಆರೋಗ್ಯ ನೋಡ್ತೀರಾ?"

"ದುಡ್ಡಲ್ರಿ ಮೇಡಂ. ಮನಿ ಅಂದ್ರ ಮನೆ," ಅಂದಳು ಕಸ್ತೂರಿ.

"ಮನೆ ಆರೋಗ್ಯವಾ? ಕಾರ್ಯಕ್ರಮದ ಹೆಸರು ಏನು, ನೀವು ಬರೆಸಿರೋದೇನು?"

ಕಸ್ತೂರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಸ್ಸು, ಗುಂಡಿ, ಅಜರುದ್ದೀನ, ಭೀಮಾಬಾಯಿ, ಎಲ್ಲ. ರಾಧಿಕಾ ಮೇಡಂ ಕೇಳಿಸಿಕೊಂಡರು. ಕೇಳಿದ ಮೇಲೂ ಅವರ ನೆರಿಗೆ ಒಂದಿಷ್ಟೂ ಸಡಿಲಾಗಲಿಲ್ಲ. "ಜನ ಬರ್ತಿದ್ದಾರೆ, ಸಂತೋಷ. ಆದರೆ ಸರಕಾರದ ಗೋಡೆ ಮೇಲೆ ತಪ್ಪು ಹೆಸರು ಇರೋ ಹಾಗಿಲ್ಲ. ನಾನು ಹೊರಡೋದರೊಳಗೆ 'ಮನೋ' ಅಂತ ತಿದ್ದಿಸಿ. ಇಲ್ಲದಿದ್ರೆ ಈ ಹೆಸರಿನ ಕೇಂದ್ರವೇ ಇಲ್ಲ ಅಂತ ಬರೀಬೇಕಾಗುತ್ತೆ. ಇಲ್ಲದ ಕೇಂದ್ರಕ್ಕೆ ಕೋಣೆ ಯಾಕೆ?"

ಮೊಗಸಾಲೆಯಲ್ಲಿ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆ ಗಾಳಿಗೆ ಸರಸರ ಎಂದಿತು. ನಕ್ಕ ಹಾಗೆ ಕೇಳಿಸಿತು ಕಸ್ತೂರಿಗೆ.

ಅಜರುದ್ದೀನ ಏಣಿ ತಂದ. ಏಣಿ ಹತ್ತುವಾಗ ಅವನ ಮುಖ ಹೆತ್ತ ಮಗುವಿನ ಕಿವಿ ಹಿಂಡಲು ಹೊರಟವನಂತಿತ್ತು. "ಮೇಡಂರ, ಮತ್ತೊಮ್ಮಿ ಇಚಾರ ಮಾಡ್ರಿ," ಎಂದು ಮೇಲಿನಿಂದಲೇ ಕೇಳಿದ. ಕಸ್ತೂರಿ ಆಗದೆಂದು ತಲೆ ಆಡಿಸಿದಳು. ಅವನು "ನಿ"ಯ ಮೇಲೆ ಬಿಳಿ ಬಣ್ಣ ಎಳೆದು, ಒಣಗುವ ಮೊದಲೇ "ನೋ" ತಿದ್ದತೊಡಗಿದ.

"ಏನ್ ಬರಿಯಾಕತ್ತಾನ?" ಎಂದು ಸಾಲಿನಲ್ಲಿ ಯಾರೋ ಕೇಳಿದರು.

ಓದು ಬಲ್ಲವನೊಬ್ಬ ಓದಿದ. "ಮನೋ. ಮನೋ ಅಂದ್ರ ಮನಸ್ಸು. ತಲಿ ಕೆಟ್ಟವ್ರಿಗಂತ."

ಆಗ ನಡೆದದ್ದನ್ನು ನೋಡಬೇಕಿತ್ತು. ಹುರಿಮೀಸೆಯ ಗೌಡನಿಗೆ ಒಮ್ಮೆಲೇ ಬಸ್ಸಿನ ಹೊತ್ತು ನೆನಪಾಯಿತು. ಭೀಮಾಬಾಯಿಗೆ ಒಲೆಯ ಮೇಲೆ ಇಟ್ಟ ಹಾಲು ನೆನಪಾಯಿತು. ಒಬ್ಬನಂತೂ, ತಾನು ಬಂದದ್ದು ಹಲ್ಲು ಕೀಳಿಸಲಿಕ್ಕೆ ಎಂದು ಪ್ಲಾಸ್ಟಿಕ್ಕಿನ ಸಮೇತ ಕುರ್ಚಿಯಲ್ಲಿ ಕೂತು ಬಾಯಿ ತೆರೆದೇಬಿಟ್ಟ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಾಲು ಬಿಸಿಲಿಗೆ ಬಿದ್ದ ಬೆಣ್ಣೆಯಂತೆ ಕರಗಿತು. ಆರು ವಾರದ ಕಸ್ತೂರಿಯ ರಾಜ್ಯ ಒಂದು ಅಕ್ಷರಕ್ಕೆ ಉರುಳುತ್ತಿತ್ತು. ಅವಳು ಒಬ್ಬೊಬ್ಬರ ಬೆನ್ನನ್ನೂ ನೋಡುತ್ತ ನಿಂತಳು. ಈಗ ಅವರನ್ನು ಏನೆಂದು ಕರೆಯುವುದು?

ಅಯ್ಯಮ್ಮನೂ ಎದ್ದಳು. ಗಂಡನ ತೋಳು ಹಿಡಿದು, "ನಡೀರಿ, ಹೋಗಾಮು," ಅಂದಳು.

ಸಾಬಣ್ಣ ಏಳಲಿಲ್ಲ. ಅವನು ಏಣಿ ನೋಡುತ್ತಿದ್ದ. ಏಣಿಯ ಮೇಲಿನ ಮನುಷ್ಯನನ್ನು ನೋಡಿದ, ತೆರೆದ ಬಾಗಿಲನ್ನು ನೋಡಿದ, ಬಾಗಿಲೊಳಗಿಂದ ಕೋಣೆಯ ಆಚೆ ಬದಿಗೆ ಕಾಣುವ ಇನ್ನೊಂದು ಬಾಗಿಲನ್ನು, ಅದರ ಚಿಲಕಕ್ಕೆ ನೇತಾಡುವ ರೊಟ್ಟಿಚೀಲವನ್ನು ನೋಡಿದ.

"ಏ ಪೇಂಟರ್!" ಎಂದು ಅವನು ಕೂಗಿದ. ಹನ್ನೊಂದು ಗೇಟಿನ ಆಚೆಯ ಮನುಷ್ಯನನ್ನು ಕರೆಯುವ ದನಿ ಅದು. ಶಹಾಪುರದ ಬೆಟ್ಟ ಒಂದು ಕ್ಷಣ ಮಗ್ಗುಲು ಬದಲಿಸಿತೆಂದು ಈಗಲೂ ಹೇಳುವವರಿದ್ದಾರೆ. "ಹಳೀ ಕಾಲುವಿ ಯಾಕ ಮುಚ್ಚಾಕತ್ತಿ? ಬಾಜೂಕ ಇನ್ನೊಂದು ತೆಗಿ!"

ಅಜರುದ್ದೀನ ಕುಂಚ ಹಿಡಿದು ಹಾಗೇ ನಿಂತ. ಎಲ್ಲರೂ ನಿಂತರು. ಹೊರಟವರೂ ಗೇಟಿನಲ್ಲಿ ನಿಂತರು.

"ಹಿಂದ ಒಂದು ಬಾಗಲಾ ಅದಲ್ರಿ," ಎಂದ ಸಾಬಣ್ಣ, ಈಗ ಮೆತ್ತಗೆ, ಕಸ್ತೂರಿಗೆ. "ಸರಕಾರದ ನೀರು ಮುಂದಿನ ಗೇಟಿಂದ ಬರ್ಲಿ. ನಮ್ಮ ನೀರು ಹಿಂದಿಂದು. ಒಳಗ ಹೋಗಿ ಸೇರೋದು ಒಂದೇ ಹೊಂಡಕ್ಕ."

ರಾಧಿಕಾ ಮೇಡಂ ಕನ್ನಡಕ ಸರಿಮಾಡಿಕೊಂಡರು. "ಇವರು ಯಾರು?"

"ಮೂರು ವಾರದ ಹಿಂದ ಬಂದ ಮನಿ ರಿ," ಅಂದಳು ಕಸ್ತೂರಿ. "ನಾಲ್ಕು ತಿಂಗಳು ಮಾತಾಡಿರಲಿಲ್ಲ."

ಮೇಡಂ ಸಾಬಣ್ಣನನ್ನು ನೋಡಿದರು. ಪಕ್ಕದಲ್ಲಿ ಅಯ್ಯಮ್ಮ ಗಂಡನ ತೋಳು ಬಿಟ್ಟು, ಸುತ್ತ ನಿಂತವರಿಗೆಲ್ಲ "ಕೇಳಿದ್ರಿಲ್ರಿ? ಕೇಳಿದ್ರಿಲ್ರಿ?" ಎಂದು ಕೇಳುತ್ತಿದ್ದಳು. ಮೇಡಂ ಕೋಣೆಯ ಒಳಗೆ ಹೋಗಿ ಹಿಂದಿನ ಬಾಗಿಲನ್ನು ನೋಡಿದರು. ತಿರುಗಿ ಬಂದು ಕಾಗದದ ಮೇಲೆ ಏನೋ ಬರೆದರು. "ಮುಂಬಾಗಿಲ ಮೇಲೆ ಕಾರ್ಯಕ್ರಮದ ಹೆಸರು ಸರಿಯಾಗಿದೆ. ಕೋಣೆ ಬಳಕೆಯಲ್ಲಿದೆ. ಹಿಂಬಾಗಿಲು ನನ್ನ ತಪಾಸಣೆಯ ವ್ಯಾಪ್ತಿಗೆ ಬರೋದಿಲ್ಲ."

ಶರಣಕುಮಾರ ಕುರ್ಚಿಯಲ್ಲಿ ಬಾಯಿ ತೆರೆದು ಕೂತವನ ಕಡೆ ತಿರುಗಿ, "ನೀವೂ ಬಾಯಿ ಮುಚ್ಚಬಹುದ್ರಿ," ಅಂದ. ಪಾಪ, ಅವನ ಕುರ್ಚಿಗೂ ಅದೇ ದಿನ ಜಾಗ ಸಿಕ್ಕಿತು. ಹಳೇ ಮಂಚ ತುಂಬಿದ್ದ ಪಕ್ಕದ ಕೋಣೆಯನ್ನು ಖಾಲಿ ಮಾಡಲು ಸಾಕ್ಷಾತ್ ಹನುಮಂತನೇ ಬಂದರೂ ಆಗದೆಂದು ಆರು ವರ್ಷದಿಂದ ಪಂಪಣ್ಣ ಹೇಳುತ್ತ ಬಂದಿದ್ದ. ಸಾಲಿನವರೆಲ್ಲ ಕೈಹಚ್ಚಿ ಅದನ್ನು ಒಂದು ಮಿರ್ಚಿ ತಿನ್ನುವಷ್ಟರಲ್ಲಿ ಖಾಲಿ ಮಾಡಿದರು.

ಹಿಂದಿನ ಚಿಲಕ ತೆಗೆಯಲು ಮಾತ್ರ ನಾಲ್ಕು ಜನ ಬೇಕಾದರು. ಇರುವೆಗಳ ಎಂಟನೆಯ ತಲೆಮಾರು ಸಾಮಾನು ಕಟ್ಟಿಕೊಂಡು ಹೊರಟಿತು. ಪಂಪಣ್ಣ ರೊಟ್ಟಿಚೀಲ ಹಿಡಿದು ಬೇರೆ ಮೊಳೆ ಹುಡುಕಿದ. ಅಜರುದ್ದೀನ ಏಣಿಯನ್ನು ಬೇವಿನಮರದ ಕಡೆಗೆ ಒಯ್ದು, ಹಿಂಬಾಗಿಲ ಮೇಲೆ ಮತ್ತೆ ಬರೆದ: "ಮನಿ ಆರೋಗ್ಯ ಕೇಂದ್ರ". ಈ ಸಲ ಮನೆಯ ಚಿತ್ರಕ್ಕೆ ಮೂರು ಬಾಗಿಲು ಇಟ್ಟ. ಯಾರು ಹೇಳಿಕೊಟ್ಟರೋ.

ಭೀಮಾಬಾಯಿಯ ಹಾಲು ಉಕ್ಕಿರಲಿಲ್ಲ, ಅವಳು ತಿರುಗಿ ಬಂದಳು. ಗೌಡನ ಬಸ್ಸು ತಪ್ಪಿತ್ತು, ಅವನೂ ಬಂದ. ಸಾಲು ಈಗ ಬೇವಿನ ನೆರಳಲ್ಲಿ ಸುತ್ತಿಕೊಂಡಿತು. ಸಂಜೆಯ ತನಕ "ಮುಂದಿನ ಮನಿ ಬರ್ರಿ" ನಿಲ್ಲಲಿಲ್ಲ.

ನಾಲ್ಕು ಗಂಟೆಗೆ ರಾಧಿಕಾ ಮೇಡಂ ಎಲ್ಲರಿಗೂ ನಮಸ್ಕಾರ ಹೇಳಿ, ಮುಂಬಾಗಿಲಿಂದ ಹೊರಟು ಜೀಪು ಹತ್ತಿದರು. ಡ್ರೈವರ್ ಗಾಡಿ ಚಾಲೂ ಮಾಡಿದ. ಗಾಡಿ ಗೇಟಿನ ತನಕ ಹೋಗಿ ನಿಂತಿತು. ಮೇಡಂ ಇಳಿದರು. ಪೆನ್ನು ಮರೆತೆ ಎಂದರು. ಪೆನ್ನು ಅವರ ಕೈಯಲ್ಲೇ ಇತ್ತು. ದವಾಖಾನೆಯ ಗೋಡೆಗುಂಟ ಸುತ್ತು ಹಾಕಿ, ಹಿತ್ತಿಲಿಗೆ ಬಂದು, ಬೇವಿನಮರದ ಕೆಳಗೆ ಸಾಲಿನ ಕೊನೆಗೆ, ಅಯ್ಯಮ್ಮನ ಹಿಂದೆ ನಿಂತರು. ಮುಂಬಾಗಿಲಿಂದ ಹೊರಗೆ ಹೋದ ಸರಕಾರ ಹಿಂಬಾಗಿಲಿಂದ ಒಳಗೆ ಬಂತು.

ಅವರ ಪಾಳಿ ಬಂದಾಗ ಕಸ್ತೂರಿ ಎದ್ದುನಿಂತಳು. ಮೇಡಂ ಬೇಡವೆಂದು ಕೈ ಆಡಿಸಿ, ಕುರ್ಚಿಯ ತುದಿಗೆ ಕೂತು, ಸೀರೆಯ ನೆರಿಗೆಯನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸುತ್ತ ಕೇಳಿದರು: "ನಮ್ಮ ಮನೆ ಬೆಂಗಳೂರಲ್ಲಿದೆ. ಪರವಾಗಿಲ್ವಾ?"

"ನಡೀತದ್ರಿ ಮೇಡಂ," ಅಂದಳು ಕಸ್ತೂರಿ. "ಹೇಳ್ರಿ. ನಿದ್ದಿ ಹತ್ತತದ ಮನಿಗಿ?"

ಹೊರಗೆ ಡ್ರೈವರ್ ಎರಡು ಸಲ ಹಾರ್ನ್ ಹೊಡೆದು, ಆಮೇಲೆ ತಾನೇ ಹಿತ್ತಿಲಿಗೆ ಬಂದ. "ಮೇಡಂ ಎಲ್ಲಿ? ನಾಳೆ ಅಲ್ಲಿ ತಪಾಸಣೆ ಇದೆ, ಕತ್ತಲಾಗೋದರೊಳಗೆ ಕಲಬುರಗಿ ಮುಟ್ಟಬೇಕು. ಎಷ್ಟೊತ್ತಾಗುತ್ತೆ?"

ಪಂಪಣ್ಣ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತ. ಡ್ರೈವರನನ್ನು ಮೇಲಿಂದ ಕೆಳಗೆ ನೋಡಿದ.

"ಬೆಂಗಳೂರ ಮನಿಯಪಾ," ಅಂದ. "ಮೂರಂತಸ್ತಿಂದು. ಟೈಮ್ ಹಿಡೀತದ. ಹೋಗು, ಎರಡು ಮಿರ್ಚಿ ತಿಂದು ಬಾ."